ಅರ್ಧಕ್ಕೆ ನಿಂತಿದ್ದ ಹಾಡು: ಡೀಪ್ ಪರ್ಪಲ್‌ನ ‘ಮೇಡ್ ಇನ್ ಜಪಾನ್’, ಈ ಸಲ ಎಲ್‌ಪಿಯಲ್ಲಿ

ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್ ವೇದಿಕೆ ಮೇಲೆ ನುಡಿಸುವಾಗಲೇ ರೆಕಾರ್ಡ್ ಮಾಡಿದ ಲೈವ್ ಆಲ್ಬಂ ‘ಮೇಡ್ ಇನ್ ಜಪಾನ್’. ಅದರ ಕೊನೆಯ ಹಾಡು ‘ಸ್ಪೇಸ್ ಟ್ರಕಿನ್’ ಹೇಗೆ ಮುಗಿಯುತ್ತದೆ ಅಂತ ನನಗೆ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಗೊತ್ತಿರಲಿಲ್ಲ. ತಪ್ಪು ಕ್ಯಾಸೆಟ್ಟಿನದು. 1989ರಲ್ಲಿ ಸುರತ್ಕಲ್‌ನ ಕೆಆರ್‌ಇಸಿ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಒಬ್ಬ ಬೆಂಗಳೂರಿನವನಿದ್ದ. ಅವನ ಅಣ್ಣನ ಹತ್ತಿರ ಅದರ ಎಲ್‌ಪಿ (ದೊಡ್ಡ ಕಪ್ಪು ಗ್ರಾಮಫೋನ್ ರೆಕಾರ್ಡ್) ಇತ್ತು, ಅದರಿಂದ ಒಂದು ಸಿ-60 ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬಂದಿದ್ದ. ಈಗ ಲೆಕ್ಕ ಹಾಕಿ. ಆಲ್ಬಂ ಸುಮಾರು 76 ನಿಮಿಷ, ಕ್ಯಾಸೆಟ್ಟು 60 ನಿಮಿಷ. ಪುಣ್ಯಾತ್ಮ ‘ದಿ ಮ್ಯೂಲ್’ ಅನ್ನು ಪೂರ್ತಿ ಬಿಟ್ಟಿದ್ದ, ಆದರೂ ಜಾಗ ಸಾಲಲಿಲ್ಲ. ಬಿ ಸೈಡಿನ ಕೊನೆಯಲ್ಲಿ ‘ಸ್ಪೇಸ್ ಟ್ರಕಿನ್’ ಹತ್ತು ನಿಮಿಷ ಓಡಿ, ಜಾನ್ ಲಾರ್ಡ್ ಆರ್ಗನ್ ಮೇಲೆ ಏನೋ ರಂಪ ಮಾಡುತ್ತಿರುವಾಗಲೇ, ಟಕ್. ಟೇಪ್ ಖಾಲಿ. ನಾಲ್ಕು ವರ್ಷ ದಿನಾ ಅದನ್ನು ಕೇಳಿ ಕೇಳಿ ನನ್ನ ತಲೆಯಲ್ಲಿ ಆ ‘ಟಕ್’ ಸಹ ಹಾಡಿನ ಒಂದು ಭಾಗವೇ ಆಗಿಬಿಟ್ಟಿತ್ತು.

ಆಮೇಲೆ ಸಿಡಿ ಬಂತು, ಎಂಪಿ3 ಬಂತು, ಯೂಟ್ಯೂಬ್ ಬಂತು. ಪೂರ್ತಿ ಹಾಡು ಬೆರಳ ತುದಿಯಲ್ಲೇ ಇತ್ತು. ಆದರೆ ಯಾರು ಕೇಳ್ತಾರೆ ಹೇಳಿ. ‘ಹೈವೇ ಸ್ಟಾರ್’ ಹಾಕುವುದು, ‘ಸ್ಮೋಕ್ ಆನ್ ದಿ ವಾಟರ್’ ಹಾಕುವುದು, ಅಷ್ಟರಲ್ಲಿ ಆಫೀಸು ಬಂದಿರುತ್ತದೆ. ಇಪ್ಪತ್ತು ನಿಮಿಷದ ಹಾಡನ್ನು ಫೋನಿನಲ್ಲಿ ಕೊನೆಯವರೆಗೆ ಕೇಳಿದ್ದು ನನಗಂತೂ ನೆನಪಿಲ್ಲ. ಹೋದ ವರ್ಷ ಎಲ್‌ಪಿ ಪ್ಲೇಯರ್ ತಗೊಂಡ ಮೇಲೆ ಮೊದಲು ತರಿಸಿದ್ದೇ ಈ ಡಬಲ್ ಆಲ್ಬಂ. ಈಗ ಮನೆಯಲ್ಲಿ ಎರಡು ಕಾಪಿ ಇವೆ. ಒಂದು ಹೊಸ ಮರುಮುದ್ರಣ, ಇನ್ನೊಂದು ಜಪಾನಿನ ಹಳೇದು. ಎರಡನ್ನೂ ಆರು ತಿಂಗಳು ಕೇಳಿ ಇದನ್ನು ಬರೆಯುತ್ತಿದ್ದೇನೆ.

ಹೊಸದರ ಕಥೆ ಮೊದಲು ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದು ಸ್ವಲ್ಪ ಕಹಿ. ಆನ್‌ಲೈನಿನಲ್ಲಿ ಸುಮಾರು 4,500 ರೂಪಾಯಿ ಕೊಟ್ಟು ತರಿಸಿದೆ, 180 ಗ್ರಾಂ ತೂಕದ ದಪ್ಪ ರೆಕಾರ್ಡ್ ಅಂತ ಬರೆದಿತ್ತು. ಕೊರಿಯರ್‌ನವರು ಅದನ್ನು ಮಂಗಳೂರಿನ ಏಪ್ರಿಲ್ ಬಿಸಿಲಿಗೆ ಗೇಟಿನ ಹತ್ತಿರ ಬಿಟ್ಟು ಹೋಗಿದ್ದಾರೆ. ನಾನು ಸಂಜೆ ಬಂದು ನೋಡಿದರೆ ಎರಡನೇ ರೆಕಾರ್ಡ್ ಹಪ್ಪಳ! ತಿರುಗುವಾಗ ಅಂಚು ಮೇಲೆ ಕೆಳಗೆ ಆಗುವುದು ಕಣ್ಣಿಗೇ ಕಾಣುತ್ತಿತ್ತು, ಸೂಜಿ ದೋಣಿಯ ಹಾಗೆ ತೇಲುತ್ತಿತ್ತು. ಅಂಗಡಿಯವರು ವಿಡಿಯೋ ಕಳಿಸಿ ಅಂದರು, ಕಳಿಸಿದೆ, ಇನ್ನೊಂದು ಆ್ಯಂಗಲ್‌ನಿಂದ ಕಳಿಸಿ ಅಂದರು, ಅದನ್ನೂ ಕಳಿಸಿದೆ. ಮೂರು ವಾರ ಆದ ಮೇಲೆ ಬೇರೆ ಕಾಪಿ ಬಂತು. ಅದು ಸರಿಯಾಗಿದೆ. ಅದಕ್ಕೇ ಹೇಳುವುದು, ಬೇಸಿಗೆಯಲ್ಲಿ ಎಲ್‌ಪಿ ತರಿಸಬೇಡಿ, ತರಿಸಿದರೂ ಮನೆಯಲ್ಲಿ ಯಾರಾದರೂ ಇರುವ ದಿನಕ್ಕೆ ತರಿಸಿ.

ಜಪಾನಿನ ಕಾಪಿ ತಂದದ್ದು ನನ್ನ ಅಳಿಯ, ಅಕ್ಕನ ಮಗ. ಕೆಲಸದ ಮೇಲೆ ಟೋಕಿಯೋಗೆ ಹೋಗಿದ್ದ, ಅಲ್ಲಿ ಹಳೆ ರೆಕಾರ್ಡುಗಳ ಅಂಗಡಿಯಿಂದ ಫೋನ್ ಮಾಡಿದ. “ಮಾವ, ನೀವು ಹೇಳಿದ್ದು ಸಿಗ್ತಾ ಇಲ್ಲ, ‘ಲೈವ್ ಇನ್ ಜಪಾನ್’ ಅಂತ ಬೇರೆ ಏನೋ ಉಂಟು, ಬೇಡ ಅಲ್ವಾ?” ಅಂದ. ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. ಅದೇ ಮಾರಾಯ ಅದು! ಜಪಾನಿನಲ್ಲಿ ಬಿಡುಗಡೆ ಆದದ್ದೇ ಆ ಹೆಸರಿನಲ್ಲಿ. ಅಸಲಿಗೆ ಈ ರೆಕಾರ್ಡ್ ಹುಟ್ಟಿದ್ದೇ ಜಪಾನಿನವರಿಗಾಗಿ, ಬೇರೆ ದೇಶದಲ್ಲಿ ಬಿಡುವ ಯೋಚನೆ ಬ್ಯಾಂಡಿಗೆ ಮೊದಲು ಇರಲೇ ಇಲ್ಲ.

ಅವರಿಗೆ ಲೈವ್ ಆಲ್ಬಂ ಮಾಡುವುದರಲ್ಲೇ ಆಸಕ್ತಿ ಇರಲಿಲ್ಲ. ಜಪಾನಿನ ಕಂಪನಿ ಒತ್ತಾಯ ಮಾಡಿದಾಗ ನಮ್ಮದೇ ರೆಕಾರ್ಡಿಂಗ್ ಎಂಜಿನಿಯರ್ ಬೇಕು, ಟೇಪ್ ಚೆನ್ನಾಗಿದೆಯೋ ಇಲ್ಲವೋ ನಾವೇ ತೀರ್ಮಾನಿಸುತ್ತೇವೆ ಅಂತ ಷರತ್ತು ಹಾಕಿ ಒಪ್ಪಿಕೊಂಡರು. ಹಾಗೆ ಬಂದವನು ಮಾರ್ಟಿನ್ ಬರ್ಚ್. 1972ರ ಆಗಸ್ಟ್ 15 ಮತ್ತು 16ರಂದು ಒಸಾಕಾದ ಫೆಸ್ಟಿವಲ್ ಹಾಲ್, 17ರಂದು ಟೋಕಿಯೋದ ಬುಡೋಕಾನ್. ಮೂರು ರಾತ್ರಿ, ಎಂಟು ಟ್ರ್ಯಾಕಿನ ಒಂದು ಟೇಪ್ ಮಷೀನ್, ಅಷ್ಟೇ. ಆಮೇಲೆ ಸ್ಟುಡಿಯೋದಲ್ಲಿ ಕೂತು ಹೊಸದಾಗಿ ಏನನ್ನೂ ಸೇರಿಸಲಿಲ್ಲ. ಆಗಸ್ಟ್ 15, 1972 ಅಂದರೆ ನಮ್ಮ ಸ್ವಾತಂತ್ರ್ಯಕ್ಕೆ 25 ತುಂಬಿದ ದಿನ. ಇಲ್ಲಿ ಶಾಲೆ ಮಕ್ಕಳೆಲ್ಲ ಮಿಠಾಯಿ ತಿನ್ನುತ್ತಿದ್ದ ದಿನವೇ ಅಲ್ಲಿ ಗಿಟಾರಿಸ್ಟ್ ರಿಚಿ ಬ್ಲ್ಯಾಕ್‌ಮೋರ್ ‘ಸ್ಮೋಕ್ ಆನ್ ದಿ ವಾಟರ್’ ನುಡಿಸುತ್ತಿದ್ದ. ಎರಡಕ್ಕೂ ಏನೂ ಸಂಬಂಧ ಇಲ್ಲ ಬಿಡಿ, ಸುಮ್ನೆ ಹೊಳೆಯಿತು.

ಬರ್ಚ್ ಹೆಸರು ಎಲ್ಲೋ ಕೇಳಿದ ಹಾಗೆ ಇದೆ ಅನ್ನಿಸಿತೇ? 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ಗಂಟಲು ಹರಿದುಕೊಂಡವರ ಮನೆಯಲ್ಲೆಲ್ಲ ಅವನ ಹೆಸರು ಇರುತ್ತದೆ. 1981ರಿಂದ 1992ರವರೆಗೆ ಆ ಬ್ಯಾಂಡಿನ ಸ್ಟುಡಿಯೋ ಆಲ್ಬಂಗಳ ಪ್ರೊಡ್ಯೂಸರ್ ಅವನೇ. 2020ರಲ್ಲಿ ತೀರಿಕೊಂಡ. ಅವನ ಕೆಲಸ ಎಂಥದ್ದು ಅಂತ ನನಗೆ ಕಿವಿಗೆ ಬಿದ್ದದ್ದು ಎಲ್‌ಪಿಯಲ್ಲಿ ಕೇಳಿದ ಮೇಲೆಯೇ. ಗಿಟಾರ್ ಒಂದು ಕಿವಿಯ ಕಡೆ, ಆರ್ಗನ್ ಇನ್ನೊಂದು ಕಡೆ, ಡ್ರಮ್ಮು ಬೇಸು ನಡುವೆ. ಸಭಾಂಗಣ ಎಷ್ಟು ದೊಡ್ಡದು ಅಂತ ಚಪ್ಪಾಳೆಯಿಂದಲೇ ಗೊತ್ತಾಗುತ್ತದೆ, ಆದರೆ ಆ ಚಪ್ಪಾಳೆ ಹಾಡಿನ ಮೇಲೆ ಬಂದು ಕೂರುವುದಿಲ್ಲ.

ಪ್ಲೇಯರ್ ಬಗ್ಗೆಯೂ ಕೇಳುತ್ತೀರಿ. ಆಡಿಯೋ-ಟೆಕ್ನಿಕಾ ಎಲ್‌ಪಿ120ಎಕ್ಸ್, ಅದರ ಜೊತೆ ಬರುವ ಹಸಿರು ಬಣ್ಣದ ವಿಎಂ95ಇ ಸೂಜಿ, 2 ಗ್ರಾಂ ಒತ್ತಡಕ್ಕೆ ಇಟ್ಟಿದ್ದೇನೆ. ಆಂಪ್ಲಿಫೈಯರ್ ಹಳೇದು, ಸ್ಪೀಕರ್ ಅದಕ್ಕಿಂತ ಹಳೇದು. ಕೇಬಲ್ಲಿಗೆ ಹತ್ತು ಸಾವಿರ ಸುರಿಯುವ ಪೈಕಿಯವನಲ್ಲ ನಾನು, ಆದ್ದರಿಂದ ಇಲ್ಲಿ ಹೇಳುವುದೆಲ್ಲ ಸಾಮಾನ್ಯ ಕಿವಿಯ ಮಾತು.

ಈ ಆಲ್ಬಂನಲ್ಲಿ ಇರುವುದು ಬರೀ ಏಳು ಹಾಡು, ನಾಲ್ಕು ಸೈಡ್. ಒಂದನೇ ಸೈಡ್ ‘ಹೈವೇ ಸ್ಟಾರ್’ ಮತ್ತು ‘ಚೈಲ್ಡ್ ಇನ್ ಟೈಮ್’. ‘ಹೈವೇ ಸ್ಟಾರ್’ ಬಗ್ಗೆ ಹೊಸದಾಗಿ ಹೇಳುವುದಕ್ಕೆ ಏನೂ ಇಲ್ಲ, ಶುರುವಿನಲ್ಲಿ ಎಲ್ಲರೂ ಸುಮ್ಮನೆ ವಾದ್ಯ ಸರಿಮಾಡಿಕೊಳ್ಳುವ ಹಾಗೆ ಏನೇನೋ ಮಾಡುತ್ತಾ ಇದ್ದವರು ಇಯಾನ್ ಪೇಸ್‌ನ ಡ್ರಮ್ಮಿನ ಹಿಂದೆ ಒಬ್ಬೊಬ್ಬರೇ ಸೇರಿಕೊಳ್ಳುವ ಆ ಅರ್ಧ ನಿಮಿಷ ಇದೆಯಲ್ಲ, ಅದಕ್ಕೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ‘ಚೈಲ್ಡ್ ಇನ್ ಟೈಮ್’ ಬೇರೆಯೇ ಲೋಕ. ಹನ್ನೆರಡು ನಿಮಿಷ. ಮೆಲ್ಲಗೆ ಆರ್ಗನ್, ಮೆಲ್ಲಗೆ ಇಯಾನ್ ಗಿಲ್ಲನ್ ಧ್ವನಿ, ಆಮೇಲೆ ಆ ಧ್ವನಿ ಮೆಟ್ಟಿಲು ಹತ್ತಿ ಹತ್ತಿ ಚೀರಾಟಕ್ಕೆ ಹೋಗುತ್ತದೆ. ಅಮ್ಮನಿಗೆ ಈ ಸಂಗೀತ ಅಂದರೆ ತಲೆನೋವು, ಆದರೆ ಇದನ್ನು ಕೇಳಿ ಮಾತ್ರ “ಭಾಗವತರ ಹಾಗೆ ಏರು ಶ್ರುತಿ ಉಂಟಲ್ಲ ಇವನಿಗೆ” ಅಂದರು. ಯಕ್ಷಗಾನ ನೋಡಿ ಬೆಳೆದವರ ಬಾಯಿಂದ ಇದು ಸಣ್ಣ ಹೊಗಳಿಕೆ ಅಲ್ಲ! ಈ ಹಾಡಿನ ಆರ್ಗನ್ ಎಳೆ ಬಂದದ್ದು ಅಮೆರಿಕದ ಇನ್ನೊಂದು ಬ್ಯಾಂಡಿನ ‘ಬಾಂಬೆ ಕಾಲಿಂಗ್’ ಎಂಬ ವಾದ್ಯ ಸಂಗೀತದಿಂದ. ಅಂತೂ ಬಾಂಬೆ ಹೆಸರು ಎಲ್ಲೋ ಒಂದು ಕಡೆ ತಗುಲಿಕೊಂಡಿದೆ.

ಇಲ್ಲಿ ಎಲ್‌ಪಿಯ ಒಂದು ಐಬು ಹೇಳಲೇಬೇಕು. ರೆಕಾರ್ಡ್ ನಿಮಿಷಕ್ಕೆ ಮೂವತ್ತಮೂರೂ ಕಾಲಿಗಿಂತ ಒಂಚೂರು ಜಾಸ್ತಿ ಸುತ್ತು ತಿರುಗುತ್ತದೆ, ಆ ವೇಗ ಬದಲಾಗುವುದಿಲ್ಲ. ಆದರೆ ಹೊರಗಿನ ಸುತ್ತು ದೊಡ್ಡದು, ಒಳಗಿನ ಸುತ್ತು ಸಣ್ಣದು. ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಓಡಿದರೆ, ಲೇಬಲ್ಲಿನ ಹತ್ತಿರ ಬರುವಷ್ಟರಲ್ಲಿ ಸುಮಾರು 20 ಸೆಂಟಿಮೀಟರ್ ಮಾತ್ರ. ಅಷ್ಟೇ ಶಬ್ದವನ್ನು ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ ತುರುಕಬೇಕು. ಹಾಗಾಗಿ ಪ್ರತಿ ಸೈಡಿನ ಕೊನೆ ಸ್ವಲ್ಪ ಒರಟು, ತುಸು ಮಂಕು. ಬುದ್ಧಿವಂತರು ಕೊನೆಗೆ ಮೆಲ್ಲಗಿನ ಹಾಡು ಇಡುತ್ತಾರೆ. ಇವರೋ, ಪ್ರತಿ ಹಾಡನ್ನೂ ಬಾಂಬು ಸಿಡಿಸಿಯೇ ಮುಗಿಸುವವರು. ‘ಚೈಲ್ಡ್ ಇನ್ ಟೈಮ್’ ಕೊನೆಯ ಗದ್ದಲ ನನ್ನ ಹೊಸ ಕಾಪಿಯಲ್ಲಿ ಸ್ವಲ್ಪ ಕರಕಲು ಕೇಳುತ್ತದೆ, ಜಪಾನಿನ ಕಾಪಿಯಲ್ಲಿ ಅಷ್ಟು ಇಲ್ಲ. ಫೋನಿನಲ್ಲಿ ಕೇಳಿದರೆ ಈ ತಾಪತ್ರಯವೇ ಇಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ.

ಎರಡನೇ ಸೈಡ್. ‘ಸ್ಮೋಕ್ ಆನ್ ದಿ ವಾಟರ್’. 1971ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೊದಲ್ಲಿ ಫ್ರಾಂಕ್ ಝಪ್ಪಾ ಕಾರ್ಯಕ್ರಮದ ನಡುವೆ ಕ್ಯಾಸಿನೋ ಸುಟ್ಟು ಹೋದದ್ದು, ಕೆರೆ ಮೇಲೆ ಹೊಗೆ ಹರಡಿದ್ದು, ಈ ಕಥೆ ಗಿಟಾರ್ ಹಿಡಿದ ಪ್ರತಿ ಹುಡುಗನಿಗೂ ಗೊತ್ತು. ಈಗ ಎಲ್‌ಪಿಯಲ್ಲಿ ಕೇಳುವಾಗ ನಾನು ಗಮನಿಸಿದ್ದು ಜನರನ್ನು. ಬ್ಲ್ಯಾಕ್‌ಮೋರ್ ಆ ಸಾಲನ್ನು ಶುರುಮಾಡುತ್ತಾನೆ, ಮೊದಲಿಗೆ ಬೇಕಂತಲೇ ಸ್ವಲ್ಪ ತಿರುಚಿ. ಇವತ್ತಾಗಿದ್ದರೆ ಎರಡನೇ ಸ್ವರಕ್ಕೇ ಇಡೀ ಮೈದಾನ ಕೂಗುತ್ತಿತ್ತು. ಆ ರಾತ್ರಿ ಹಾಗೆ ಏನೂ ಆಗುವುದಿಲ್ಲ. ಆಗ ಅದು ಆಲ್ಬಂನ ಒಂದು ಹಾಡು ಅಷ್ಟೇ, ಸಿಂಗಲ್ ಆಗಿ, ಅಂದರೆ ಬಿಡಿ ರೆಕಾರ್ಡಾಗಿ ಬಂದು ಹೆಸರು ಮಾಡಿದ್ದು ಮರುವರ್ಷ. ಆ ಸಾಲು ಇನ್ನೂ ಯಾರ ಬಾಯಿಗೂ ಬೀಳದ ದಿನಗಳಲ್ಲಿ ಹೇಗಿತ್ತು ಅಂತ ಕೇಳಬೇಕಾದರೆ ಇದೇ ರೆಕಾರ್ಡ್ ಹಾಕಬೇಕು.

ಆಮೇಲೆ ನನ್ನ ಕ್ಯಾಸೆಟ್ಟಿನಲ್ಲಿ ಇಲ್ಲದ ‘ದಿ ಮ್ಯೂಲ್’. ಬಹುಪಾಲು ಡ್ರಮ್ ಸೋಲೋ. ರೂಮ್‌ಮೇಟ್ ಯಾಕೆ ಬಿಟ್ಟ ಅಂತ ಮೊದಲ ಸಲ ಕೇಳಿದಾಗಲೇ ಗೊತ್ತಾಯಿತು. ಎರಡನೇ ಸಲವೂ ಬೋರ್ ಹೊಡೆಯಿತು. ನಾಲ್ಕನೆಯದೋ ಐದನೆಯದೋ ಸಲ, ಹೊರಗೆ ಜೋರು ಮಳೆ, ಕರೆಂಟು ಈಗ ಹೋಗುತ್ತೋ ಆಗ ಹೋಗುತ್ತೋ ಅಂತ ಕೂತಿದ್ದಾಗ, ಪೇಸ್ ಸ್ನೇರ್ ಮೇಲೆ ಸಣ್ಣ ಸಣ್ಣ ಪೆಟ್ಟು ಹಾಕುತ್ತಾ ಸದ್ದನ್ನು ಇಳಿಸಿ, ಪಿಸುಮಾತಿನ ಮಟ್ಟಕ್ಕೆ ತಂದು, ಅಲ್ಲಿಂದ ಮತ್ತೆ ಏರಿಸುವುದು ಕಿವಿಗೆ ಬಿತ್ತು. ಒಳ್ಳೆಯ ಚೆಂಡೆಯವರು ಹೀಗೇ ಮಾಡುತ್ತಾರೆ. ಆದರೂ ಸತ್ಯ ಹೇಳುತ್ತೇನೆ, ಇದು ನೋಡಬೇಕಾದ ವಿದ್ಯೆ, ಬರೀ ಕೇಳುವುದಕ್ಕೆ ಒಂಬತ್ತು ನಿಮಿಷ ಜಾಸ್ತಿಯೇ ಆಯಿತು.

ಮೂರನೇ ಸೈಡ್ ನನ್ನ ಪ್ರಾಣ. ಕ್ಯಾಸೆಟ್ಟಿನಲ್ಲೂ ಬಿ ಸೈಡ್ ಇಲ್ಲಿಂದಲೇ ಶುರು ಆಗುತ್ತಿತ್ತು, ಹಾಗಾಗಿ ಸವೆದದ್ದೂ ಇದೇ ಜಾಸ್ತಿ. ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ ನಡುವೆ ಗಿಟಾರಿಗೂ ಗಿಲ್ಲನ್ ಗಂಟಲಿಗೂ ಜುಗಲ್‌ಬಂದಿ ನಡೆಯುತ್ತದೆ. ಬ್ಲ್ಯಾಕ್‌ಮೋರ್ ಒಂದು ಸಾಲು ನುಡಿಸುತ್ತಾನೆ, ಗಿಲ್ಲನ್ ಅದನ್ನೇ ಬಾಯಲ್ಲಿ ವಾಪಸ್ ಕೊಡುತ್ತಾನೆ, ಇವನು ಇನ್ನೂ ಕಷ್ಟದ್ದು ಕೊಡುತ್ತಾನೆ, ಅವನು ಅದನ್ನೂ ಬಿಡುವುದಿಲ್ಲ, ಕೊನೆಗೆ ಗಿಲ್ಲನ್ ಎಳೆಯುವ ಕೂಗಿಗೆ ಗಿಟಾರೇ ಸುಮ್ಮನಾಗಬೇಕು. ಹಾಸ್ಟೆಲಿನ ಟೇಪ್ ರೆಕಾರ್ಡರಿನಲ್ಲಿ ಎರಡೂ ಒಂದೇ ಸದ್ದಾಗಿ ಕೇಳುತ್ತಿತ್ತು, ಯಾರು ಗಿಟಾರ್ ಯಾರು ಮನುಷ್ಯ ಅಂತ ಬೆಟ್ ಕಟ್ಟುತ್ತಿದ್ದೆವು. ಈಗ ಎಲ್ಲ ಬಿಡಿಬಿಡಿಯಾಗಿ ಕೇಳುತ್ತದೆ, ಬೆಟ್ ಕಟ್ಟುವುದಕ್ಕೆ ಏನೂ ಉಳಿದಿಲ್ಲ. ಅಷ್ಟರಮಟ್ಟಿಗೆ ಮಜಾ ಕಮ್ಮಿಯಾಯಿತು ಅನ್ನಿ.

‘ಲೇಝಿ’ಯದ್ದು ಬುಡೋಕಾನ್ ರಾತ್ರಿಯ ರೆಕಾರ್ಡಿಂಗ್. ‘ದಿ ಮ್ಯೂಲ್’ ಕೂಡ ಅಲ್ಲಿಯದೇ, ಉಳಿದದ್ದೆಲ್ಲ ಒಸಾಕಾದ್ದು. ಒಂದೇ ಕಾರ್ಯಕ್ರಮ ಕೇಳಿದ ಹಾಗೆ ಅನ್ನಿಸಿದರೂ ಇದು ಮೂರು ರಾತ್ರಿಯಿಂದ ಆರಿಸಿ ಜೋಡಿಸಿದ್ದು. ಮಿಕ್ಸಿಂಗಿಗೆ ಕೂತದ್ದು ಬೇಸ್ ನುಡಿಸುವ ರೋಜರ್ ಗ್ಲೋವರ್ ಮತ್ತು ಪೇಸ್. ಗಿಲ್ಲನ್, ಬ್ಲ್ಯಾಕ್‌ಮೋರ್ ಆ ಕಡೆ ತಲೆ ಹಾಕಲಿಲ್ಲ. ‘ಲೇಝಿ’ ಶುರುವಿನಲ್ಲಿ ಜಾನ್ ಲಾರ್ಡ್ ತನ್ನ ಹ್ಯಾಮಂಡ್ ಆರ್ಗನ್ನಿನಿಂದ ಎಬ್ಬಿಸುವ ಸದ್ದು ಇದೆಯಲ್ಲ, ಗುರ್ ಗುರ್ ಅಂತ, ಹಳೇ ಲಾರಿ ಸ್ಟಾರ್ಟ್ ಆಗದೆ ಒದ್ದಾಡುವ ಹಾಗೆ, ಅದು ಎಲ್‌ಪಿಯಲ್ಲಿ ನೆಲದಿಂದ ಬರುತ್ತದೆ. ಚರ್ಚಿನಲ್ಲಿ ಇರಬೇಕಾದ ವಾದ್ಯವನ್ನು ಈ ಮಹಾಶಯ ಗಿಟಾರಿನವರ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿ ನುಡಿಸುತ್ತಿದ್ದ. ಅಲ್ಲಿಂದ ಹಾಡು ಕುಣಿದುಕೊಂಡು ಹೊರಡುತ್ತದೆ, ನಡುವೆ ಗಿಲ್ಲನ್ ಮೌತ್ ಆರ್ಗನ್ ಊದುತ್ತಾನೆ, ಐದೂ ಜನ ಒಬ್ಬರ ಕಡೆ ಒಬ್ಬರು ಕಿವಿ ಇಟ್ಟುಕೊಂಡೇ ನುಡಿಸುತ್ತಿದ್ದಾರೆ ಅಂತ ಗೊತ್ತಾಗುವುದು ಇಲ್ಲಿ. ಒಬ್ಬ ಸದ್ದು ಇಳಿಸಿದರೆ ಉಳಿದವರೂ ತಕ್ಷಣ ಇಳಿಸುತ್ತಾರೆ. ಯಾರೂ ಸನ್ನೆ ಮಾಡಿದ ಹಾಗೆ ಕೇಳುವುದಿಲ್ಲ. ಇಷ್ಟು ಹೊಂದಾಣಿಕೆ ಇದ್ದವರು ಒಂದು ವರ್ಷವೂ ಒಟ್ಟಿಗೆ ಉಳಿಯಲಿಲ್ಲ. 1973ರ ಜೂನ್ 29ರಂದು, ಅದೂ ಒಸಾಕಾದಲ್ಲೇ, ಈ ಐವರ ಕೊನೆಯ ಕಾರ್ಯಕ್ರಮ ಆಯಿತು, ಗಿಲ್ಲನ್ ಮತ್ತು ಗ್ಲೋವರ್ ಹೊರಟುಹೋದರು. ಮತ್ತೆ ಸೇರಿದ್ದು 1984ರಲ್ಲಿ.

ನಾಲ್ಕನೇ ಸೈಡಿಗೆ ಬರೋಣ. ಅಲ್ಲಿ ಇರುವುದು ಒಂದೇ ಹಾಡು, ‘ಸ್ಪೇಸ್ ಟ್ರಕಿನ್’. ರೆಕಾರ್ಡ್ ನೋಡಿದರೇ ಗೊತ್ತಾಗುತ್ತದೆ, ಬೇರೆ ಸೈಡುಗಳಲ್ಲಿ ಹಾಡಿನಿಂದ ಹಾಡಿಗೆ ನಡುವೆ ಒಂದು ಗೆರೆ ಹೊಳೆಯುತ್ತದೆ, ಇದರಲ್ಲಿ ಅಂಥದ್ದೇನೂ ಇಲ್ಲ, ಅಂಚಿನಿಂದ ಲೇಬಲ್‌ವರೆಗೆ ಕಪ್ಪು. ಮೊದಲ ಐದು ನಿಮಿಷ ಮಾಮೂಲಿ ಹಾಡು. ಅಲ್ಲಿಂದ ಅವರ 1968ರ ಮೊದಲ ಆಲ್ಬಂನ ‘ಮ್ಯಾಂಡ್ರೇಕ್ ರೂಟ್’ನ ಹಳೇ ದಾರಿ ಹಿಡಿದು ಹೊರಟುಬಿಡುತ್ತಾರೆ. ಆರ್ಗನ್ ರಂಪ. ನನ್ನ ‘ಟಕ್’ ಬರುವ ಜಾಗ ಹತ್ತಿರವಾದ ಹಾಗೆ ನಾನು ಕುರ್ಚಿಯ ತುದಿಗೆ ಬಂದು ಕೂತಿದ್ದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಟಕ್ ಬರಲಿಲ್ಲ. ಹಾಡು ಮುಂದೆ ಹೋಯಿತು. ಗದ್ದಲ ಇಳಿಯಿತು. ಆಮೇಲೆ ಬ್ಲ್ಯಾಕ್‌ಮೋರ್ ಗಿಟಾರಿನ ವಾಲ್ಯೂಮ್ ಗುಂಡಿಯನ್ನು ತಿರುಗಿಸುತ್ತಾ, ತಂತಿ ಮೀಟಿದ ಸದ್ದೇ ಬರದ ಹಾಗೆ, ಬರೀ ಸ್ವರ ಮಾತ್ರ ಉಬ್ಬಿ ಬರುವ ಹಾಗೆ ನುಡಿಸಿದ. ಕಮಾನು ಹಿಡಿದು ಚೆಲ್ಲೋ ನುಡಿಸಿದ ಹಾಗೆ. ಮೆಲ್ಲಗೆ, ಯಾವ ಅವಸರವೂ ಇಲ್ಲದೆ. ಇಷ್ಟು ವರ್ಷ ನಾನು ಈ ಹಾಡನ್ನು ಬರೀ ಗಲಾಟೆ ಅಂದುಕೊಂಡಿದ್ದೆನಲ್ಲ, ಅದರ ಒಳಗೆ ಇಂಥದ್ದೊಂದು ಇತ್ತು ಅಂತ ಗೊತ್ತೇ ಇರಲಿಲ್ಲ. ಆಮೇಲೆ ಮತ್ತೆ ಏರಿ, ಏರಿ, ಎಲ್ಲರೂ ಒಟ್ಟಿಗೆ ಸಿಕ್ಕಿದ್ದನ್ನೆಲ್ಲ ಬಾರಿಸಿ ಮುಗಿಸಿದರು. ಅದೂ ಎಲ್ಲಿ? ಲೇಬಲ್ಲಿಗೆ ಅಂಟಿಕೊಂಡ ಹಾಗೆ ಇರುವ ಆ ಕೊನೆಯ ಅಂಗುಲದಲ್ಲಿ, ರೆಕಾರ್ಡಿನ ಅತಿ ಕೆಟ್ಟ ಜಾಗದಲ್ಲಿ. ಚೂರು ಒಡೆದ ಸದ್ದು. ನನಗೆ ಅದೇ ಸಾಕಾಯಿತು.

ನನ್ನ ಪ್ಲೇಯರಿನಲ್ಲಿ ಸೂಜಿ ಹಿಡಿದ ಕೈ ತಾನಾಗಿ ಮೇಲೇಳುವುದಿಲ್ಲ, ನಾವೇ ಎದ್ದು ಎತ್ತಬೇಕು. ಸೂಜಿ ಕೊನೆಯ ಗೆರೆಯಲ್ಲಿ ಟಿಕ್ ಟಿಕ್ ಅಂತ ಸುತ್ತುತ್ತಲೇ ಇತ್ತು, ಅಮ್ಮ ಒಳಗಿನಿಂದ “ಮುಗಿಯಿತಾ ಆ ಪ್ಲೇಟು?” ಅಂತ ಕೂಗುವವರೆಗೆ.

ಕೊನೆಯ ಎರಡು ನಿಮಿಷವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಆ ರೂಮ್‌ಮೇಟಿಗೆ ಕಳಿಸಿದೆ. ಈಗ ಅಮೆರಿಕದಲ್ಲಿದ್ದಾನೆ. “ಇದನ್ನು ನನ್ನಿಂದ ಮುಚ್ಚಿಟ್ಟಿದ್ದೆ ಅಲ್ವಾ” ಅಂತ ಬರೆದೆ. ಉತ್ತರ ಬಂತು: “ಸಿ-90ಗೆ ದುಡ್ಡು ಜಾಸ್ತಿ ಕಣೋ. ಮಿಕ್ಕಿದ್ದರಲ್ಲಿ ನಾನೂ ನೀನೂ ಗೋಳಿಬಜೆ ತಿಂದಿದ್ವಿ, ನೆನಪಿಲ್ವಾ?”

ಸರಿ, ಯಾವುದನ್ನು ಕೊಳ್ಳಬೇಕು. ಜಪಾನಿನ ಕಾಪಿಯ ಕವರ್ ಬೇರೆ, ವೇದಿಕೆಯನ್ನು ಮೇಲಿನಿಂದ ತೆಗೆದ ಫೋಟೋ. ಬೇರೆ ದೇಶದವರಿಗೆ ಸಿಕ್ಕಿದ್ದು ಬಂಗಾರದ ಬಣ್ಣದ ಕವರ್, ತಮಾಷೆ ಅಂದರೆ ‘ಮೇಡ್ ಇನ್ ಜಪಾನ್’ ಅಂತ ಬರೆದಿರುವ ಆ ಕವರಿನ ಫೋಟೋ ಲಂಡನ್ನಿನದು. ಜಪಾನಿನ ಮೊದಲ ಮುದ್ರಣದಲ್ಲಿ ಬ್ಯಾಂಡಿನವರ ಫೋಟೋ ಇರುವ ಫಿಲ್ಮ್ ನೆಗೆಟಿವ್ ಒಂದನ್ನೂ ಇಟ್ಟು ಕೊಡುತ್ತಿದ್ದರಂತೆ. ನನ್ನದರಲ್ಲಿ ಇಲ್ಲ, ಯಾರೋ ಹೊಡೆದುಕೊಂಡಿದ್ದಾರೆ. ಐವತ್ತು ವರ್ಷದ ರೆಕಾರ್ಡ್ ಅಂತ ಹೇಳುವ ಹಾಗಿಲ್ಲ, ಅಲ್ಲೊಂದು ಇಲ್ಲೊಂದು ಚಟ್ ಚಟ್ ಬಿಟ್ಟರೆ ಶುಭ್ರ. ಸದ್ದಿಗೆ ನನ್ನ ಓಟು ಇದಕ್ಕೇ. ಹೊಸದರಲ್ಲಿ ಬೇಸ್ ತುಂಬಿಕೊಂಡು ಚೆನ್ನಾಗಿದೆ, ಆದರೆ ಪೇಸ್‌ನ ಸಿಂಬಲ್ (ಡ್ರಮ್ ಸೆಟ್ಟಿನ ತಾಳ) ಹಳೇದರಲ್ಲಿ ಜಾಸ್ತಿ ಬಿಡಿಸಿಕೊಂಡು ಕೇಳುತ್ತದೆ. ಆದರೆ ಜಪಾನಿಗೆ ಹೋಗುವ ಅಳಿಯ ಎಲ್ಲರಿಗೂ ಇರುವುದಿಲ್ಲವಲ್ಲ. ಇಲ್ಲೇ ತಗೊಳ್ಳುವವರು ಧೈರ್ಯವಾಗಿ ಹೊಸದನ್ನೇ ತಗೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೆ ಕೈಗೆ ತಗೊಂಡು, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮೊದಲು ನಾಲ್ಕನೇ ಸೈಡ್ ನೋಡಿ, ಅದು ಹೊಸದರಂತೆ ಹೊಳೆಯುತ್ತಿದ್ದರೆ ಮಾರಿದವನೂ ನನ್ನ ಹಾಗೆ ಅದನ್ನು ಪೂರ್ತಿ ಕೇಳಿಲ್ಲ ಅಂತ ಅರ್ಥ. 2014ರಲ್ಲಿ ಮೂರೂ ರಾತ್ರಿಯ ಪೂರ್ತಿ ಕಾರ್ಯಕ್ರಮವನ್ನು ಒಂಬತ್ತು ಎಲ್‌ಪಿಯ ಪೆಟ್ಟಿಗೆಯಾಗಿ ತಂದರು. ಆಸೆ ಆಗುತ್ತದೆ. ಆದರೆ ಮೂರು ‘ಮ್ಯೂಲ್’ ಕೇಳುವ ತಾಳ್ಮೆ ನನಗಿಲ್ಲ.

ಕರಾವಳಿಯವರಿಗೆ ಒಂದು ಮಾತು. ಮೇ ತಿಂಗಳು ಮುಗಿಯುವುದರೊಳಗೆ ಕವರಿಗೆ ಪ್ಲಾಸ್ಟಿಕ್ ಹಾಕಿ, ರೆಕಾರ್ಡುಗಳನ್ನು ಗೋಡೆಗೆ ತಾಗದ ಹಾಗೆ ನೆಟ್ಟಗೆ ನಿಲ್ಲಿಸಿ, ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಹೋದ ಜೂನ್‌ನಲ್ಲಿ ನಾನು ಉದಾಸೀನ ಮಾಡಿದೆ, ಬಂಗಾರದ ಕವರಿನ ಮೂಲೆಯಲ್ಲಿ ಈಗ ಬೂಷ್ಟು ಹಿಡಿದ ಕಲೆ, ಸರಿಯಾಗಿ ಬ್ಲ್ಯಾಕ್‌ಮೋರ್ ತಲೆಯ ಹತ್ತಿರ.